ಸೆಕೆಂಡ್ ಶೋ ಮತ್ತು ಲಾಸ್ಟ್ ಬಸ್ಸು

ಭಾಗ 1/9

ಹೊಸ ತುಳು ಸಿನಿಮಾ ಬಿಡುಗಡೆ ಆಗುವ ವಾರ ಪೇಪರಿನಲ್ಲಿ ಒಂದು ಸುದ್ದಿ ಬರುತ್ತೆ, ಗಮನಿಸಿದ್ದೀರಾ? ಸಿನಿಮಾ ಹೆಸರು ಬದಲಾಗುತ್ತೆ, ಟಾಕೀಸುಗಳ ಪಟ್ಟಿ ಮಾತ್ರ ಹೆಚ್ಚುಕಡಿಮೆ ಅದೇ. ಮೊದಲು ಮಂಗಳೂರಿನವು. ಆಮೇಲೆ ಮಣಿಪಾಲದಲ್ಲಿ ಐನಾಕ್ಸ್, ಭಾರತ್ ಸಿನಿಮಾಸ್, ಉಡುಪಿಯಲ್ಲಿ ಕಲ್ಪನಾ, ಅಲಂಕಾರ್, ಕಾರ್ಕಳದಲ್ಲಿ ಪ್ಲಾನೆಟ್, ರಾಧಿಕಾ. ಮೂಡುಬಿದಿರೆಯ ಅಮರಶ್ರೀ, ಪುತ್ತೂರಿನ ಅರುಣಾ ಕೂಡ ಇರುತ್ತೆ. ಆ ಪಟ್ಟಿಯಲ್ಲಿ ನಮ್ಮ ಕಾಪುವಿನ ಹೆಸರು ನಾನಂತೂ ನೋಡಿಲ್ಲ.

ಕಾಪುವಿನಲ್ಲಿ ದೀಪಸ್ತಂಭ ಉಂಟು, 1901ರದ್ದು. ಬೀಚ್ ಉಂಟು, ಮಾರಿಗುಡಿ ಉಂಟು. 2018ರಿಂದ ತಾಲೂಕು ಕೂಡ ಹೌದು. ಸಿನಿಮಾ ಬೇಕಾದ್ರೆ ಮಾತ್ರ ಉಡುಪಿ ಬಸ್ಸು ಹತ್ತಬೇಕು.

ಸಿನಿಮಾ ಹೇಗುಂಟು ಅಂತ ಹೇಳ್ಲಿಕ್ಕೆ ಇಲ್ಲಿ ಸಾವಿರ ಪೇಜುಗಳಿವೆ. ನಾನು ಈ ಸೀರೀಸಿನಲ್ಲಿ ಬರೀತಿರೋದು ಸಿನಿಮಾ ಮುಗಿದು ಲೈಟ್ ಹಾಕಿದ ಮೇಲಿನ ವಿಷಯ. ಈಗ ಮನೆಗೆ ಹೇಗೆ ಹೋಗುವುದು? ನಮ್ಮ ನಾಲ್ಕು ಊರುಗಳಲ್ಲಿ ರಾತ್ರಿ ಹೊರಗೆ ಹೋಗಿ ಏನಾದ್ರೂ ನೋಡಿ ಬರುವ ಇಡೀ ಲೆಕ್ಕಾಚಾರ ಈ ಪ್ರಶ್ನೆ ಮೇಲೆ ನಿಂತಿದೆ. ಹುಡುಗರಿಗೆ ಇದು ಅಷ್ಟು ಗೊತ್ತಾಗುವುದಿಲ್ಲ. ಹುಡುಗಿಯರು ಒಂಬತ್ತೂ ಭಾಗ ಓದಿ, ನಿಮ್ಗೆ ಅರ್ಥ ಆಗುತ್ತೆ.

ಭಾಗ 2/9

ನಮ್ಮ ಮನೆ ಇರೋದು ಕಾಪು ಪೇಟೆಯಿಂದ ಸ್ವಲ್ಪ ಒಳಗೆ. ಕಾಲೇಜು ಉಡುಪಿಯಲ್ಲಿ. ಮಧ್ಯೆ ಹೈವೇ, 66. ಹನ್ನೆರಡು ಹದಿಮೂರು ಕಿಲೋಮೀಟರ್, ಎಕ್ಸ್‌ಪ್ರೆಸ್ ಬಸ್ಸಿಗೆ ಅದೊಂದು ದೂರವೇ ಅಲ್ಲ. ಹೈವೇಯಲ್ಲಿ ರಾತ್ರಿಯೂ ಬಸ್ ಸಿಗುತ್ತೆ. ಹೈವೇಯಿಂದ ಮನೆಗೆ ಎರಡು ಕಿಲೋಮೀಟರ್ ಉಂಟಲ್ಲ, ಅದಕ್ಕೆ ಎಂಟೂವರೆ ಮೇಲೆ ಏನೂ ಸಿಗುವುದಿಲ್ಲ.

ಹಾಗಾಗಿ ಮನೆಯಲ್ಲಿ ಒಂದು ಕಾನೂನು. ನಾಲ್ಕೂವರೆ ಶೋ ನೋಡಬಹುದು, ಏಳೂವರೆ ಶೋ ಇಲ್ಲ. ಅಣ್ಣನಿಗೆ ಈ ಕಾನೂನು ಇಲ್ಲ, ಅವನ ಹತ್ರ ಬೈಕ್ ಉಂಟು. ಬೈಕ್ ಇಲ್ಲದ ಕಾಲದಲ್ಲೂ ಅವನಿಗೆ ಇರಲಿಲ್ಲ, ಅದು ಬೇರೆ ವಿಷಯ.

ನನಗೆ ಅರ್ಥ ಆಗದೆ ಇದ್ದದ್ದು ಇನ್ನೊಂದು. ಇದೇ ಅಮ್ಮ ಬಯಲಾಟಕ್ಕೆ ನನ್ನನ್ನು ಇಡೀ ರಾತ್ರಿ ಬಿಡ್ತಾ ಇದ್ದರು. ಬಿಡುವುದೇನು, ಅವರೇ ಚಾಪೆ ಹಿಡ್ಕೊಂಡು ಮುಂದೆ ನಡೀತಿದ್ದರು. ಗದ್ದೆಯಲ್ಲಿ ರಂಗಸ್ಥಳ, ಚೆಂಡೆ, ನಡುರಾತ್ರಿ ಚಾ, ಬೆಳಗ್ಗೆ ಆರಕ್ಕೆ ಇಬ್ಬನಿಯಲ್ಲಿ ನಡೆದು ವಾಪಸ್. ನಾನು ಆಗ ಏಳನೇ ಕ್ಲಾಸು.

ಒಂದಿನ ಕೇಳಿದೆ. "ಬಯಲಾಟಕ್ಕೆ ಬೆಳಿಗ್ಗೆವರೆಗೆ ಆಗ್ತದೆ, ಸಿನಿಮಾಕ್ಕೆ ಹತ್ತೂವರೆವರೆಗೆ ಯಾಕೆ ಆಗುವುದಿಲ್ಲ ಅಮ್ಮ?"

ಅಮ್ಮ ಬೀಡಿ ಸುತ್ತುತ್ತಾ ಇದ್ದರು. ತಲೆ ಎತ್ತಲಿಲ್ಲ.

"ಅಲ್ಲಿ ಎಲ್ಲ ನಮ್ಮವರೇ ಇರ್ತಾರಲ್ಲ. ಟಾಕೀಸಿನಲ್ಲಿ ಯಾರಿದ್ದಾರೆ?"

ಬಯಲಾಟವೂ ಈಗ ಬದಲಾಗಿದೆ ಅನ್ನಿ. ತುಂಬ ಮೇಳಗಳು ಕಾಲಮಿತಿ ಮಾಡಿವೆ, ಸಂಜೆ ಶುರು ಮಾಡಿ ನಡುರಾತ್ರಿಗೆ ಮುಗಿಸುತ್ತವೆ. ಅಮ್ಮನ ಮಾತು ಮಾತ್ರ ನನ್ನ ತಲೆಯಲ್ಲೇ ಕೂತಿತು. ಅವರಿಗೆ ಭಯ ಇದ್ದದ್ದು ಕತ್ತಲೆಯದ್ದಲ್ಲ. ಕತ್ತಲೆಯಲ್ಲಿ ಪಕ್ಕ ಯಾರಿದ್ದಾರೆ, ಬರುವಾಗ ಯಾರಿದ್ದಾರೆ ಅನ್ನುವುದು.

ಭಾಗ 3/9: ಉಡುಪಿ

ಕಲ್ಪನಾ, ಅಲಂಕಾರ್ ಎರಡೂ ಪೇಟೆ ಒಳಗೇ ಇವೆ. ಬಸ್ ಸ್ಟ್ಯಾಂಡಿಗೆ ನಡೆದು ಬರಬಹುದು. ನಮ್ಮಂಥವರಿಗೆ ಇದೇ ದೊಡ್ಡ ವಿಷಯ. ನಾಲ್ಕೂವರೆ ಶೋಗೆ ಕೂತು ಏಳು ಕಾಲಿಗೆ ಹೊರಗೆ ಬಂದ್ರೆ ಬಸ್ಸಿಗೆ ಮೊದಲು ಒಂದು ಪ್ಲೇಟ್ ಗೋಳಿಬಜೆಗೂ ಟೈಮ್ ಸಿಗುತ್ತೆ.

ಮಲ್ಟಿಪ್ಲೆಕ್ಸಿಗೆ ಅಭ್ಯಾಸ ಆದವರಿಗೆ ಒಂದೇ ಪರದೆಯ ಟಾಕೀಸು ಮೊದಲು ವಿಚಿತ್ರ ಅನಿಸುತ್ತೆ. ಒಂದೇ ಹಾಲ್, ಮೇಲೆ ಬಾಲ್ಕನಿ, ಎತ್ತರದ ಸೀಲಿಂಗ್. ಜನ ಮಾತಾಡ್ತಾರೆ. ಮಗು ಅಳುತ್ತೆ. ಹಿಂದಿನ ಸಾಲಿನವರು ಮುಂದೆ ಆಗುವುದನ್ನು ಮೊದಲೇ ಹೇಳಿಬಿಡ್ತಾರೆ. ಬೇಡ ಅನಿಸಿದ್ರೆ ಮನೆಯಲ್ಲಿ ಫೋನಿನಲ್ಲೇ ನೋಡಬಹುದು.

ಕಾಮಿಡಿ ಬಂದಾಗ ಮಾತ್ರ ಈ ಹಾಲು ಏನು ಅಂತ ಗೊತ್ತಾಗುವುದು. 2025ರ ಜುಲೈ 25ಕ್ಕೆ "ಸು ಫ್ರಮ್ ಸೋ" ಬಂತಲ್ಲ, ಜೆ.ಪಿ. ತುಮಿನಾಡ್ ಅವರದ್ದು, ರಾಜ್ ಬಿ. ಶೆಟ್ಟಿ ನಿರ್ಮಾಣ. ಸೋಮೇಶ್ವರದ ಸುಲೋಚನಾ ಊರಿನ ಹುಡುಗನ ಮೈಮೇಲೆ ಬಂದಿದ್ದಾಳೆ ಅಂತ ಇಡೀ ಊರು ನಂಬುವ ಕತೆ. ಆ ಊರಿನ ಒಬ್ಬೊಬ್ಬರೂ ನಮಗೆ ಗೊತ್ತಿರುವವರೇ. ಮದುವೆಮನೆಯಲ್ಲಿ ಎಲ್ಲದಕ್ಕೂ ಮುಂದೆ ನಿಲ್ಲುವ ಅಣ್ಣ, ಕುಡಿದ ಮೇಲೆ ಸತ್ಯ ಹೇಳುವ ಮಾವ. ಬೆಂಗಳೂರಿನಲ್ಲೂ ಜನ ನಕ್ಕರು, ಹೌದು. ಇಲ್ಲಿ ನಗು ಅರ್ಧ ಸೆಕೆಂಡ್ ಮೊದಲೇ ಬರ್ತಿತ್ತು. ಡೈಲಾಗ್ ಮುಗಿಯುವ ಮೊದಲು.

ಸೀನಿಯರ್ಸ್ ಇವತ್ತಿಗೂ 2014ರ "ಉಳಿದವರು ಕಂಡಂತೆ" ಬಗ್ಗೆ ಮಾತಾಡ್ತಾರೆ. ನಮ್ಮ ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಮಲ್ಪೆಯನ್ನು ಪರದೆ ಮೇಲೆ ತಂದದ್ದು. ನಾನು ಅದನ್ನು ನೋಡಿದ್ದು ಲ್ಯಾಪ್‌ಟಾಪಿನಲ್ಲಿ, ಒಬ್ಬಳೇ. ಟಾಕೀಸಿನಲ್ಲಿ ಮಲ್ಪೆ ಬೋಟಿನವರ ಪಕ್ಕ ಕೂತು ನೋಡಿದವರ ಮೇಲೆ ನನಗೆ ಹೊಟ್ಟೆಕಿಚ್ಚು ಉಂಟು.

ಭಾಗ 4/9: ಮಣಿಪಾಲ

ಉಡುಪಿಯಿಂದ ಐದು ಕಿಲೋಮೀಟರ್ ಗುಡ್ಡ ಹತ್ತಿದ್ರೆ ಬೇರೆಯೇ ಊರು. ರಾತ್ರಿ ಹನ್ನೊಂದಕ್ಕೂ ಚಾ ಸಿಗುತ್ತೆ, ರಸ್ತೆಯಲ್ಲಿ ಜನ ಇರ್ತಾರೆ, ಹತ್ತು ಗಂಟೆಯ ಶೋಗೂ ಹೋಗ್ತಾರೆ. ದಿಲ್ಲಿಯವರು, ಕೇರಳದವರು, ಹೈದರಾಬಾದಿನವರು. ಹಿಂದಿ ಸಿನಿಮಾ, ಮಲಯಾಳಂ ಸಿನಿಮಾ, ಇಂಗ್ಲಿಷ್ ಸಿನಿಮಾ, ಎಲ್ಲ ಒಂದೇ ಕಟ್ಟಡದಲ್ಲಿ.

ನಮ್ಮ ಕುಂದಾಪ್ರದ ದೋಸ್ತಿ ಅಲ್ಲೇ ಪೀಜಿಯಲ್ಲಿ ಇದ್ದಾಳೆ. ಅವಳ ರೂಮಿನಲ್ಲಿ ಉಳಿದ್ರೆ ನನಗೂ ನೈಟ್ ಶೋ ಸಿಗಬೇಕಿತ್ತು, ಅಲ್ವಾ? ಪೀಜಿ ಗೇಟಿಗೆ ಒಂಬತ್ತೂವರೆಗೆ ಬೀಗ. ಟಾಕೀಸಿಗೆ ನಡೆದ್ರೆ ಹತ್ತು ನಿಮಿಷ, ರಸ್ತೆ ತುಂಬ ಬೆಳಕು, ಜೊತೆಗೆ ಆರು ಜನ. ಆದ್ರೂ ಸಿನಿಮಾ ನೋಡುವಂತಿಲ್ಲ. "ಕಾಪುವಿನಲ್ಲಿ ನಿಂಗೆ ಬಸ್ಸಿಲ್ಲ, ಇಲ್ಲಿ ನಂಗೆ ಗೇಟಿಲ್ಲ. ಎಂತ ವ್ಯತ್ಯಾಸ ಮಾರಾಯ್ತಿ?" ಅಂದಳು ಅವಳು.

ಇನ್ನೊಂದು, ದುಡ್ಡು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟಿಗೆ ತೆರಿಗೆ ಬಿಟ್ಟು ಗರಿಷ್ಠ 200 ರೂಪಾಯಿ ಅಂತ ನಿಯಮ ತಂದಿತ್ತು. ಮಲ್ಟಿಪ್ಲೆಕ್ಸಿನವರು, ನಿರ್ಮಾಪಕರು ಕೋರ್ಟಿಗೆ ಹೋದರು, 23ನೇ ತಾರೀಕಿಗೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಮ್ಮ ಕ್ಲಾಸ್ ಗ್ರೂಪಿನಲ್ಲಿ ಒಂದು ವಾರ ಖುಷಿ, ಮುಂದಿನ ವಾರ ಮೌನ. ಟಿಕೆಟ್, ಪಾಪ್‌ಕಾರ್ನ್, ಆಟೋ ಮೂರೂ ಸೇರಿದ್ರೆ ನನ್ನ ವಾರದ ಬಸ್ ದುಡ್ಡು ಹೋಯ್ತು. ಸಣ್ಣ ಟಾಕೀಸಿನಲ್ಲಿ ಇಂಟರ್ವಲ್‌ಗೆ ಹೊರಗೆ ಬಂದು ಚರುಮುರಿ ತಿನ್ನಬಹುದು. ಪಾಪ್‌ಕಾರ್ನಿಗಿಂತ ಅದೇ ರುಚಿ ಕೂಡ.

ಮಣಿಪಾಲದ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆ ಸೌಂಡ್, ಒಳ್ಳೆ ಸೀಟು. ಪಕ್ಕದಲ್ಲಿ ಕೂತವರು ಯಾರು ಅಂತ ಸಿನಿಮಾ ಮುಗಿದ ಮೇಲೂ ಗೊತ್ತಿರುವುದಿಲ್ಲ, ಅಷ್ಟೇ.

ಭಾಗ 5/9: ಕಾರ್ಕಳ

ಕಾರ್ಕಳದಲ್ಲಿ ಚಿಕ್ಕಮ್ಮನ ಮನೆ. ಕಾಪುವಿಂದ ಶಿರ್ವ, ಬೆಳ್ಮಣ್ ದಾಟಿ ಹೋಗುವುದು. 2022ರ ದಸರಾ ರಜೆಯಲ್ಲಿ ನಾನು ಅಲ್ಲಿದ್ದೆ. ಸೆಪ್ಟೆಂಬರ್ 30ಕ್ಕೆ "ಕಾಂತಾರ" ಬಿಡುಗಡೆ ಆಗಿತ್ತು. ಕೆರಾಡಿಯ ರಿಷಬ್ ಶೆಟ್ಟಿ, ಕಂಬಳ, ದೈವ. ಊರಲ್ಲಿ ಬೇರೆ ಮಾತೇ ಇಲ್ಲ.

ಚಿಕ್ಕಮ್ಮ ಮದುವೆ ಆದ ಮೇಲೆ ಟಾಕೀಸಿಗೆ ಹೋದವರಲ್ಲ. ಪಕ್ಕದ ಮನೆ ಅಕ್ಕ ಕೂಡ ಅಲ್ಲ. ಆಚೆಮನೆ ಅಜ್ಜಿಯಂತೂ ಜೀವನದಲ್ಲೇ ಹೋದವರಲ್ಲ. ಒಂದು ಸಂಜೆ ಬಾವಿಕಟ್ಟೆ ಹತ್ರ ಯಾರೋ "ದೈವದ ಪಿಕ್ಚರ್ ಅಂತೆ" ಅಂದ್ರು. ಮರುದಿನ ರಾತ್ರಿಗೆ ಓಮ್ನಿ ರೆಡಿ. ಎಂಟು ಹೆಂಗಸರು, ಇಬ್ಬರು ಮಕ್ಕಳು, ಮೇಲಿಂದ ನಾನು. ಓಮ್ನಿಯಲ್ಲಿ ಹನ್ನೊಂದು ಜನ ಹೇಗೆ ಅಂತ ಕೇಳ್ಬೇಡಿ. ಮಧ್ಯಾಹ್ನವೇ ಅಡುಗೆ ಮುಗಿಸಿ, ಗಂಡಸರಿಗೆ ಗಂಜಿ, ಚಟ್ನಿ ಮುಚ್ಚಿಟ್ಟು ಹೊರಟದ್ದು. ಸೆಕೆಂಡ್ ಶೋಗೆ!

ಹಾಲಿನಲ್ಲಿ ಹೆಚ್ಚಿನವರು ಹೀಗೆಯೇ ಬಂದವರು. ಗುಂಪು ಗುಂಪು. ಇಂಟರ್ವಲ್‌ನಲ್ಲಿ ಚಿಕ್ಕಮ್ಮ ನಾಲ್ಕು ಸಾಲು ಹಿಂದೆ ಕೂತವರ ಹತ್ರ ಮಗಳ ಬಾಣಂತನ ವಿಚಾರಿಸಿದರು. ಕೊನೆಯ ದೃಶ್ಯ ಬಂತು. ಅಜ್ಜಿ ಬಗ್ಗಿ ಚಪ್ಪಲಿ ತೆಗೆದು ಸೀಟಿನ ಕೆಳಗೆ ಇಟ್ಟು, ಕೈ ಮುಗಿದು ಕೂತರು. ಯಾರೂ ನಗಲಿಲ್ಲ. ನಮ್ಮ ಸಾಲಿನಲ್ಲಿ ಇನ್ನೂ ಮೂರು ಜನ ಚಪ್ಪಲಿ ತೆಗೆದರು.

ರಾತ್ರಿ ವಾಪಸ್ ಬರುವಾಗ ವಠಾರದ ಎಲ್ಲ ಮನೆಯ ಜಗಲಿಯಲ್ಲಿ ಲೈಟ್ ಇತ್ತು. ಗಂಡಸರು ಕಾಯ್ತಾ ಕೂತಿದ್ದರು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಬೈಯ್ತಾರೆ ಅಂದ್ಕೊಂಡಿದ್ದೆ. "ಆಚೆ ಈಚೆ ಮನೆಯವರೆಲ್ಲ ಇದ್ರಲ್ಲ, ಮತ್ತೆಂತ" ಅಂದ್ರು. ಅದೇ ಸೆಕೆಂಡ್ ಶೋ. ಅದೇ ಕತ್ತಲೆ.

ಭಾಗ 6/9: ಒಂದು ಟಾಕೀಸು, ಹೆಸರು ಬೇಡ

ಎಲ್ಲ ದಿನ ಕಾಂತಾರ ಇರುವುದಿಲ್ಲ. ಒಂದು ಮಂಗಳವಾರ ನಾವು ನಾಲ್ಕು ಜನ ಒಂದು ಟಾಕೀಸಿಗೆ ಹೋದೆವು. ಊರೂ ಹೇಳಲ್ಲ, ಟಾಕೀಸೂ ಹೇಳಲ್ಲ. ಟಿಕೆಟ್ ಕೌಂಟರಿನ ಅಣ್ಣ ಟಿಕೆಟ್ ಹರಿಯಲೇ ಇಲ್ಲ.

"ಹತ್ತು ಜನ ಆದ್ರೆ ಹಾಕುವುದು."

ಒಟ್ಟು ಆರು ಜನ ಇದ್ದೆವು. ಹತ್ತು ನಿಮಿಷ ಕಾದ ಮೇಲೆ ಒಬ್ಬರು ಬಂದು ಏಳು. ನಮ್ಮನ್ನು ಬಿಟ್ಟು ಹೋಗಲು ಬಂದ ರಿಕ್ಷಾದ ಅಣ್ಣ ಇನ್ನೂ ಅಲ್ಲೇ ನಿಂತಿದ್ದರು. "ದಾದ ಸಿನಿಮಾ?" ಅಂತ ಕೇಳಿದರು. ಹೇಳಿದೆವು. ರಿಕ್ಷಾ ಬದಿಗೆ ಹಾಕಿ ಅವರೂ ಟಿಕೆಟ್ ತಗೊಂಡ್ರು. ಎಂಟು. ಎದುರಿನ ಅಂಗಡಿ ಹುಡುಗ ಬಂದ, ಒಂಬತ್ತು. ಕೊನೆಗೆ ಕೌಂಟರಿನ ಅಣ್ಣನೇ "ಆಯ್ತು, ನನ್ನನ್ನು ಲೆಕ್ಕ ಹಾಕಿ" ಅಂದ್ರು. ಸಿನಿಮಾ ಶುರು.

ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಖಾಲಿ ಹಾಲ್ ನೋಡಿದೆ. ಹತ್ತು ಜನ ಇದ್ದರೂ, ಐನೂರು ಜನ ಇದ್ದರೂ ಪ್ರೊಜೆಕ್ಟರಿನ ಕರೆಂಟು ಅಷ್ಟೇ, ಲೈಟು ಅಷ್ಟೇ, ಕೆಲಸದವರು ಅಷ್ಟೇ. ಮಲ್ಟಿಪ್ಲೆಕ್ಸಿನಲ್ಲಿ ಒಂದು ಸಿನಿಮಾ ಓಡದಿದ್ರೆ ಪಕ್ಕದ ಪರದೆಯಲ್ಲಿ ಇನ್ನೊಂದು ಓಡುತ್ತೆ, ಚಿಕ್ಕ ಹಾಲಿಗೆ ಬದಲಾಯಿಸ್ತಾರೆ. ಇಲ್ಲಿ ಪರದೆ ಒಂದೇ. ಆ ವಾರ ಹೋಯ್ತು ಅಂದ್ರೆ ಹೋಯ್ತು.

ಭಾಗ 7/9: ಬೀಗದ ಕೈ

ಆ ದಿನ ಸಿನಿಮಾ ಮುಗಿದ ಮೇಲೆ ಪ್ರೊಜೆಕ್ಟರ್ ರೂಮ್ ನೋಡಲು ಬಿಟ್ಟರು. ನಾನು ಚಕ್ರ ತಿರುಗುವ ದೊಡ್ಡ ಮೆಷಿನ್ ಇರುತ್ತೆ ಅಂದ್ಕೊಂಡಿದ್ದೆ. ಇದ್ದದ್ದು ಫ್ರಿಜ್ಜಿನಂಥ ಒಂದು ಪೆಟ್ಟಿಗೆ, ಪಕ್ಕದಲ್ಲಿ ಸರ್ವರ್, ಒಂದು ಎ.ಸಿ.

ಮೊದಲೆಲ್ಲ ರೀಲ್ ಪೆಟ್ಟಿಗೆ ಬಸ್ಸಿನಲ್ಲಿ ಬರ್ತಿತ್ತಂತೆ. ಒಂದೇ ಪ್ರಿಂಟು ಎರಡು ಊರಿಗೆ ಆಗಬೇಕಾದ್ರೆ, ಇಲ್ಲಿ ಒಂದು ರೀಲ್ ಮುಗಿದ ಕೂಡಲೇ ಬೈಕಿನಲ್ಲಿ ಆ ಊರಿಗೆ ಓಟ. ಬೈಕ್ ಪಂಕ್ಚರ್ ಆದ್ರೆ ಆ ಊರಲ್ಲಿ ಇಂಟರ್ವಲ್ ಉದ್ದ. ಈಗ ಸಿನಿಮಾ ಹಾರ್ಡ್‌ಡಿಸ್ಕಿನಲ್ಲೋ ಸ್ಯಾಟಲೈಟಿನಿಂದಲೋ ಬಂದು ಸರ್ವರಿನಲ್ಲಿ ಕೂರುತ್ತೆ. ಬಂದ ಕೂಡಲೇ ಹಾಕಲು ಆಗುವುದಿಲ್ಲ, ಅದಕ್ಕೆ ಬೀಗ ಇರುತ್ತೆ. ಈ ಟಾಕೀಸು, ಈ ಮೆಷಿನ್, ಈ ತಾರೀಕಿನಿಂದ ಈ ತಾರೀಕಿನವರೆಗೆ ಅಂತ ಒಂದು ಡಿಜಿಟಲ್ ಕೀ ಬರಬೇಕು. ಕೀ ಬರುವುದು ತಡ ಆದ್ರೆ ಹೊರಗೆ ಹೌಸ್‌ಫುಲ್ ಬೋರ್ಡು ಇದ್ದರೂ ಒಳಗೆ ಪರದೆ ಬಿಳಿ.

ಒಂದು ಲಾಭ ಆಗಿದೆ. ಮೊದಲು ಸಣ್ಣ ಊರಿಗೆ ಹೊಸ ಸಿನಿಮಾ ಬರಲು ವಾರಗಟ್ಟಲೆ ಕಾಯಬೇಕಿತ್ತು, ಪ್ರಿಂಟು ಹಳತಾಗಿ ಗೆರೆ ಬಿದ್ದು ಬರ್ತಿತ್ತು. ಈಗ ಬೆಂಗಳೂರಿನಲ್ಲಿ ಬಿಡುಗಡೆ ಆದ ದಿನವೇ ಕಾರ್ಕಳದಲ್ಲೂ, ಅದೇ ಕ್ಲಿಯರ್ ಪಿಕ್ಚರ್. ಹಾಗಾಗಿ "ಸಣ್ಣ ಟಾಕೀಸಿನಲ್ಲಿ ಎಂತ ನೋಡುವುದು" ಅಂತ ಮುಖ ಸಿಂಡರಿಸುವವರಿಗೆ ಈ ಭಾಗ ಶೇರ್ ಮಾಡಿ.

ಭಾಗ 8/9: ಕಾಪು, ಮತ್ತು ಪರದೆ ಇಲ್ಲದ ಶೋ

ಕಾಪುವಿನಲ್ಲಿ ನಾವು ರಾತ್ರಿ ನೋಡುವುದು ನಾಟಕ. ದೇವಸ್ಥಾನದ ಗದ್ದೆ, ಶಾಲೆಯ ಮೈದಾನ, ಬ್ರಹ್ಮಕಲಶ, ಯುವಕ ಮಂಡಲದ ವಾರ್ಷಿಕೋತ್ಸವ. ಪ್ಲಾಸ್ಟಿಕ್ ಕುರ್ಚಿ, ಮುಂದೆ ಚಾಪೆಯಲ್ಲಿ ಮಕ್ಕಳು, ಬದಿಯಲ್ಲಿ ಐಸ್‌ಕ್ಯಾಂಡಿ ಗಾಡಿ. ರಾತ್ರಿ ಹತ್ತರ ಮೇಲೆ ಮೈಕಿನ ನಿಯಮ ಇರುವುದರಿಂದ ಈಗೀಗ ಬೇಗ ಶುರು ಮಾಡ್ತಾರೆ.

ಒಂದು ವಿಷಯ ನಮ್ಮ ಬ್ಯಾಚಿನವರು ಎಷ್ಟು ಜನ ಗಮನಿಸಿದ್ದೀರೋ ಗೊತ್ತಿಲ್ಲ. ನಾವು ಟಾಕೀಸಿನಲ್ಲಿ ನೋಡುವ ಅರ್ಧ ಸಿನಿಮಾ ಈ ಗದ್ದೆಯಿಂದಲೇ ಹೋದದ್ದು. ಮೊದಲ ತುಳು ಸಿನಿಮಾ "ಎನ್ನ ತಂಗಡಿ" ಬಂದದ್ದು 1971ರಲ್ಲಿ. ಜನ ಮತ್ತೆ ಟಾಕೀಸಿಗೆ ನುಗ್ಗುವಂತೆ ಮಾಡಿದ್ದು 2011ರ "ಒರಿಯರ್ದೊರಿ ಅಸಲ್". ಅದು ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ, ಆಮೇಲೆ ಸಿನಿಮಾ. 2014ರ "ಚಾಲಿಪೋಲಿಲು" ಮಂಗಳೂರಿನಲ್ಲಿ ತುಂಬ ದಿನ ಓಡಿತು. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರ್, ಅರವಿಂದ ಬೋಳಾರ್ ಪರದೆ ಮೇಲೆ ಬಂದ ಕೂಡಲೇ ವಿಸಿಲ್ ಬೀಳುವುದು ಯಾಕೆ? ಅವರನ್ನು ಜನ ಮೊದಲೇ ತಮ್ಮ ಊರಿನ ಸ್ಟೇಜಿನಲ್ಲಿ ನೋಡಿದ್ದಾರೆ. ಕಾಂತಾರದ ಗುರುವ ನೆನಪಿದ್ದಾನಲ್ಲ, ಆ ಸ್ವರಾಜ್ ಶೆಟ್ಟಿ ಅದಕ್ಕೆ ಮೊದಲು "ಶಿವದೂತೆ ಗುಳಿಗೆ" ನಾಟಕದ ಗುಳಿಗ.

ಕನ್ನಡ ನಾಟಕ ಬೇಕಾದವರಿಗೆ ಉಡುಪಿಯಲ್ಲೇ ಉಂಟು. ರಂಗಭೂಮಿ ಸಂಸ್ಥೆ 1965ರಿಂದ ಇದೆ. ಪ್ರತಿವರ್ಷ ಅವರು ಎಂಜಿಎಂ ಕಾಲೇಜಿನ ನೂತನ ರವೀಂದ್ರ ಮಂಟಪದಲ್ಲಿ ರಾಜ್ಯಮಟ್ಟದ ನಾಟಕ ಸ್ಪರ್ಧೆ ಮಾಡ್ತಾರೆ, ದಿನಕ್ಕೊಂದು ನಾಟಕ, ಎಲ್ಲೆಲ್ಲಿಂದಲೋ ತಂಡಗಳು. ರಥಬೀದಿ ಗೆಳೆಯರು ಕೂಡ ನಾಟಕ ಮಾಡಿಸ್ತಾರೆ. ಕಳೆದ ಸಲ ನಾಟಕ ಮುಗಿದ ಮೇಲೆ ಹೊರಗೆ ಬಂದ್ರೆ, ಐದು ನಿಮಿಷ ಮೊದಲು ರಾಜ ಆಗಿದ್ದವನು ಟೆಂಪೋಗೆ ಸೆಟ್ ಲೋಡ್ ಮಾಡ್ತಿದ್ದ. ಮುಖದ ಬಣ್ಣ ಹಾಗೇ ಇತ್ತು.

ಭಾಗ 9/9

ಹಾಗಾದ್ರೆ ಏಳೂವರೆ ಶೋ?

"ಸು ಫ್ರಮ್ ಸೋ" ಎರಡನೇ ವಾರ, ಅಮ್ಮನನ್ನೇ ಕರ್ಕೊಂಡು ಹೋದೆ. ಉಡುಪಿಗೆ, ಭಾನುವಾರ ರಾತ್ರಿ. ಅಣ್ಣ ಕಾರು ಬಾಡಿಗೆಗೆ ಹಿಡಿದ. ಅಮ್ಮ ಮೊದಲ ಅರ್ಧ ಗಂಟೆ ಬಾಗಿಲಿನ ಕಡೆಯೇ ನೋಡ್ತಿದ್ದರು. ಆಮೇಲೆ ನಗು ಶುರು ಆಯ್ತು, ಸೆರಗು ಬಾಯಿಗೆ ಒತ್ತಿಕೊಂಡು ನಗು. ಇಂಟರ್ವಲ್‌ನಲ್ಲಿ ಅವರ ಶಾಲೆಯ ಗೆಳತಿ ಸಿಕ್ಕಿದರು, ಇಪ್ಪತ್ತು ವರ್ಷದ ನಂತರ. ಇಬ್ಬರೂ ಕೈ ಹಿಡ್ಕೊಂಡು ಮೆಟ್ಟಿಲಿನ ಹತ್ರ ನಿಂತು ಸಿನಿಮಾ ಶುರು ಆದ್ರೂ ಒಳಗೆ ಬರಲಿಲ್ಲ.

ಕಾರಿನಲ್ಲಿ ಅಮ್ಮ ಅಂದದ್ದು ಇಷ್ಟೇ. "ನಮ್ಮವರೇ ತುಂಬ ಜನ ಬರ್ತಾರಲ್ಲ ಮಾರಾಯ್ತಿ."

ಅದಾದ ಮೇಲೆ ಕಾನೂನು ಸ್ವಲ್ಪ ಸಡಿಲ ಆಗಿದೆ. ಪೂರ್ತಿ ಅಲ್ಲ. ನಾವು ಕಾಪು, ಕಟಪಾಡಿ ಕಡೆಯ ಐದು ಹುಡುಗಿಯರು ಸೇರಿ ಒಂದು ವ್ಯವಸ್ಥೆ ಮಾಡಿದ್ದೇವೆ. ಐದೂ ಜನ ಇದ್ದರೆ ಮಾತ್ರ ಏಳೂವರೆ ಶೋ. ಉಡುಪಿಯಿಂದ ಹೈವೇ ಬಸ್ಸು. ಹೈವೇಯಿಂದ ಒಳಗೆ, ಐದೂ ಮನೆಯವರಿಗೆ ಗೊತ್ತಿರುವ ಒಬ್ಬರೇ ರಿಕ್ಷಾದವರು, ಮೊದಲೇ ಹೇಳಿಟ್ಟಿರ್ತೇವೆ. ಬಾಡಿಗೆ ಐದು ಪಾಲು. ಕೊನೆಯ ಮನೆಯವಳು ಒಳಗೆ ಹೋಗಿ ಮೆಸೇಜ್ ಹಾಕುವವರೆಗೆ ಯಾರೂ ಮಲಗುವಂತಿಲ್ಲ. ಇಲ್ಲಿವರೆಗೆ ನಾಲ್ಕು ಸಿನಿಮಾ, ಒಂದು ನಾಟಕ ಆಗಿದೆ. "ಕಾಂತಾರ ಚಾಪ್ಟರ್ 1" ಅದರಲ್ಲಿ ಒಂದು.

ಹುಡುಗಿಯೊಬ್ಬಳು ಒಬ್ಬಳೇ ಹೋಗಿ ಒಬ್ಬಳೇ ಬರುವ ದಿನ ಇದಲ್ಲ, ನನಗೆ ಗೊತ್ತು. ಒಳರಸ್ತೆಗೆ ಒಂಬತ್ತೂವರೆಗೊಂದು ಬಸ್ಸು, ನಾಲ್ಕು ಬೀದಿದೀಪ ಬಂದ್ರೆ ಆ ದಿನವೂ ಬರುತ್ತೆ. ಅಲ್ಲಿವರೆಗೆ ಟಾಕೀಸು ಇರಬೇಕಲ್ಲ. ಮಂಗಳವಾರದ ಹತ್ತು ಜನರಲ್ಲಿ ನಾವೂ ಐದು ಜನ ಆಗುವ ಅಂತ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಉಡುಪಿಯಿಂದ, ಮಣಿಪಾಲದಿಂದ, ಕಾರ್ಕಳದಿಂದ ನಿಮ್ಮ ರೂಟಿಗೆ ಲಾಸ್ಟ್ ಬಸ್ಸು ಎಷ್ಟೊತ್ತಿಗೆ? ಶಿರ್ವ, ಹಿರಿಯಡ್ಕ, ಬೈಲೂರು, ಬೆಳ್ಮಣ್, ಮಲ್ಪೆ, ಬ್ರಹ್ಮಾವರ, ಎಲ್ಲ ಕಡೆಯವರು ಕಾಮೆಂಟ್ ಹಾಕಿ. ಸ್ಟಾಪಿನ ಹೆಸರು, ಟೈಮು ಎರಡೂ ಬೇಕು. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಹೈಲೈಟ್ಸ್‌ನಲ್ಲಿ ಇಡ್ತೇನೆ. ನಿಮ್ಮ ಏರಿಯಾದಲ್ಲಿ ಐದು ಜನ ಸೇರುವ ಆಲೋಚನೆ ಇದ್ದರೆ ಅದನ್ನೂ ಬರೀರಿ.

#ಸೆಕೆಂಡ್‌ಶೋ #ಲಾಸ್ಟ್‌ಬಸ್ #ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ನಮ್ಮಟಾಕೀಸು